ಎರಡನೆಯ ಪಂಕ್ತಿ

ಇಂಗ್ಲೆಂಡಿನ ರಗ್ಬಿ ಆಟದ ಎರಡನೆಯ ಶ್ರೇಣಿಯಲ್ಲಿ, ೨೦೨೨-೨೩ರ ಋತುವಿನ ಕೊನೆಗೆ, ಜರ್ಸಿ ಎಂಬ ಪುಟ್ಟ ದ್ವೀಪದ ತಂಡವು ಹನ್ನೆರಡು ತಂಡಗಳ ನಡುವೆ ಮೊದಲನೆಯದಾಗಿ ನಿಂತಿತು. ಅದೇ ೨೦೨೩ರ ಸೆಪ್ಟೆಂಬರ್ ೨೮ರಂದು ಆ ತಂಡ ತನ್ನ ವ್ಯವಹಾರವನ್ನು ನಿಲ್ಲಿಸಿರುವುದಾಗಿ ಪ್ರಕಟಿಸಿತು. ಆಟಗಾರರಿಗೂ ನೌಕರರಿಗೂ ಆ ತಿಂಗಳ ಸಂಬಳ ಕೊಡುವಷ್ಟು ಹಣ ಉಳಿದಿರಲಿಲ್ಲ. ಸೋತು ಸೋತು ಸೊರಗಿದ ತಂಡ ಮುಚ್ಚಿಹೋಗುವುದನ್ನು ಕ್ರೀಡಾಲೋಕ ಎಷ್ಟೋ ಸಲ ಕಂಡಿದೆ. ಗೆದ್ದ ತಂಡವೊಂದು, ಗೆದ್ದ ವರ್ಷವೇ, ತಾನು ಗೆದ್ದ ಪ್ರಶಸ್ತಿಯನ್ನು ಮುಂದಿನ ಋತುವಿನಲ್ಲಿ ಉಳಿಸಿಕೊಳ್ಳಲು ಒಂದು ಪಂದ್ಯವನ್ನೂ ಆಡದೆ ಇಲ್ಲವಾಗುವುದು ಅಪರೂಪದ ಸಂಗತಿ. ಇದು ಹೇಗಾಯಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ರಗ್ಬಿ ನಮ್ಮ ನಾಡಿನ ಆಟವಲ್ಲ. ಇದನ್ನೇಕೆ ಇಲ್ಲಿ ಪ್ರಸ್ತಾಪಿಸಬೇಕು ಎಂದು ಓದುಗರು ಕೇಳಬಹುದು. ನಾನೂ ಆ ಆಟವನ್ನು ಆಡಿದವನಲ್ಲ. ದೂರದಿಂದ ನೋಡಿ, ಓದಿ ತಿಳಿದವನು. ಜರ್ಸಿ ಎಂದೊಡನೆ ನಮಗೆ ನೆನಪಾಗುವುದು ಹಸು. ನಮ್ಮ ಹಳ್ಳಿಯ ಕೊಟ್ಟಿಗೆಗಳಿಗೆ ಅದು ಬಂದು ಬಹಳ ಕಾಲವಾಯಿತು. ಆ ಹಸುವಿಗೆ ಹೆಸರು ಕೊಟ್ಟ ದ್ವೀಪ ಇದೇ. ಇಂಗ್ಲೆಂಡಿಗಿಂತ ಫ್ರಾನ್ಸಿನ ಕರಾವಳಿಗೇ ಹತ್ತಿರವಾಗಿ, ಒಂದು ಲಕ್ಷದಷ್ಟು ಜನರನ್ನು ಮಾತ್ರ ಹೊಂದಿರುವ ನೆಲ. ಅಲ್ಲಿನ ಹದಿನೈದು ಮಂದಿ ಮೊಟ್ಟೆಯಾಕಾರದ ಚೆಂಡೊಂದನ್ನು ಹಿಡಿದು ಓಡಿದ್ದರಿಂದ ನಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಅವರ ಕಥೆಯಲ್ಲಿ ಅಡಗಿರುವ ಪ್ರಶ್ನೆ ಅವರೊಬ್ಬರದೇ ಅಲ್ಲ. ಕೆಳಗಿರುವವನು ತನ್ನ ಸಾಮರ್ಥ್ಯದಿಂದ ಮೇಲೇರಬಹುದು ಎಂದು ಒಂದು ವ್ಯವಸ್ಥೆ ಮಾತು ಕೊಟ್ಟ ಮೇಲೆ ಆ ಮಾತಿನ ಹೊಣೆ ಯಾರದು? ಪರೀಕ್ಷೆ ಬರೆಯುವ ವಿದ್ಯಾರ್ಥಿಗೂ, ಬರೆಸುವ ಉಪಾಧ್ಯಾಯರಿಗೂ ಈ ಪ್ರಶ್ನೆ ಹೊಸದಲ್ಲ.

ನಮ್ಮ ಮದುವೆಯ ಮನೆಗಳಲ್ಲಿ ಮೊದಲನೆಯ ಪಂಕ್ತಿ, ಎರಡನೆಯ ಪಂಕ್ತಿ ಎಂಬ ವಾಡಿಕೆಯುಂಟು. ಮೊದಲ ಪಂಕ್ತಿಯಲ್ಲಿ ಎಲೆ ಸಿಕ್ಕದವರು ಗೋಡೆಗೊರಗಿ ಕಾಯುತ್ತಾರೆ. ಕಾಯುವುದರಲ್ಲಿ ಅವಮಾನವಿಲ್ಲ, ಏಕೆಂದರೆ ಉಣ್ಣುತ್ತಿರುವವರು ಏಳುತ್ತಾರೆ, ನೆಲ ಒರೆಸುತ್ತಾರೆ, ಹೊಸ ಎಲೆ ಹಾಕುತ್ತಾರೆ ಎಂಬ ನಂಬಿಕೆ ಇದೆ. ಇಂಗ್ಲೆಂಡಿನ ಆಟಗಳ ಶ್ರೇಣಿಯೂ ಇಂಥದೊಂದು ನಂಬಿಕೆಯ ಮೇಲೆ ನಿಂತಿದೆ. ಪ್ರತಿವರ್ಷ ಮೇಲಿನ ಶ್ರೇಣಿಯಲ್ಲಿ ಕಡೆಯವನು ಕೆಳಗಿಳಿಯಬೇಕು, ಕೆಳಗಿನ ಶ್ರೇಣಿಯಲ್ಲಿ ಮೊದಲಿಗನು ಮೇಲೇರಬೇಕು. ನಮ್ಮ ಕಚೇರಿಗಳ ಭಾಷೆಯಲ್ಲಿ ಹೇಳುವುದಾದರೆ ಬಡ್ತಿ ಮತ್ತು ಹಿಂಬಡ್ತಿ. ಈ ಏಣಿ ಇರುವುದರಿಂದಲೇ ಎರಡನೆಯ ಶ್ರೇಣಿಯ ಆಟಕ್ಕೆ ಒಂದು ಅರ್ಥ. ಏಣಿಯನ್ನು ತೆಗೆದರೆ ಉಳಿಯುವುದು ಬರಿಯ ಕಾಯುವಿಕೆ.

ರಗ್ಬಿಯಲ್ಲಿ ಹಣದ ಜಗಳ ಹಳೆಯದು. ೧೮೭೧ರಲ್ಲಿ ಲಂಡನ್ನಿನಲ್ಲಿ ರಗ್ಬಿ ಫುಟ್‌ಬಾಲ್ ಯೂನಿಯನ್ ಎಂಬ ಸಂಸ್ಥೆ ಹುಟ್ಟಿತು. ಅದನ್ನು ನಡೆಸಿದವರು ಅನುಕೂಲಸ್ಥ ಮನೆತನದವರು. ಆಟಕ್ಕೆ ಕೂಲಿ ಪಡೆಯುವುದು ಸಲ್ಲದು ಎಂಬುದು ಅವರ ಧರ್ಮ. ಉತ್ತರದ ಯಾರ್ಕ್‌ಶೈರ್, ಲ್ಯಾಂಕಶೈರ್ ಪ್ರಾಂತಗಳಲ್ಲಿ ಆಡುತ್ತಿದ್ದವರು ಗಣಿಯಲ್ಲಿಯೂ ಗಿರಣಿಯಲ್ಲಿಯೂ ದುಡಿಯುವ ಜನ. ಆಟಕ್ಕಾಗಿ ಕೆಲಸ ಬಿಟ್ಟ ದಿನದ ಕೂಲಿಯನ್ನಾದರೂ ತುಂಬಿಕೊಡಿ ಎಂದು ಅವರ ಕ್ಲಬ್ಬುಗಳು ಕೇಳಿದವು, ಯೂನಿಯನ್ ಒಪ್ಪಲಿಲ್ಲ. ೧೮೯೫ರಲ್ಲಿ ಹಡರ್ಸ್‌ಫೀಲ್ಡ್ ಪಟ್ಟಣದ ಸಭೆಯೊಂದರಲ್ಲಿ ಉತ್ತರದವರು ಬೇರೆಯಾದರು. ಒಂದು ಆಟ ಎರಡಾಯಿತು. ಯೂನಿಯನ್ನಿನ ಕಡೆ ಉಳಿದ ರಗ್ಬಿ ಇನ್ನೂ ನೂರು ವರ್ಷ ಹವ್ಯಾಸಿಯಾಗಿಯೇ ನಡೆದು, ೧೯೯೫ರ ಆಗಸ್ಟ್‌ನಲ್ಲಿ ವೃತ್ತಿಯಾಗಿ ಬದಲಾಯಿತು. ಹವ್ಯಾಸಿಯಾಗಿದ್ದಾಗಲೇ, ೧೯೮೭ರಲ್ಲಿ, ಇಂಗ್ಲೆಂಡಿನ ಕ್ಲಬ್ಬುಗಳನ್ನೆಲ್ಲ ಒಂದೇ ಏಣಿಯ ಮೆಟ್ಟಿಲುಗಳಾಗಿ ಜೋಡಿಸಿದ್ದರು. ೨೦೦೯ರಲ್ಲಿ ಎರಡನೆಯ ಮೆಟ್ಟಿಲಿಗೆ ಚಾಂಪಿಯನ್‌ಶಿಪ್ ಎಂದು ಹೆಸರಿಟ್ಟು, ಅದನ್ನೂ ವೃತ್ತಿಪರವೆಂದು ಸಾರಿದರು. ಅದರ ಮೇಲಿನದು ಪ್ರೀಮಿಯರ್‌ಶಿಪ್.

ಹೊಸ ಲೀಗಿನ ಮೊದಲ ವರ್ಷವೇ ಏಣಿಯ ಮಹಿಮೆ ತಿಳಿಯಿತು. ೨೦೧೦ರ ಮೇ ತಿಂಗಳಲ್ಲಿ ಎಕ್ಸೆಟರ್ ತಂಡ ಬ್ರಿಸ್ಟಲ್ ತಂಡವನ್ನು ಎರಡು ಪಂದ್ಯಗಳ ಫೈನಲ್‌ನಲ್ಲಿ ೩೮-೧೬ ಅಂಕಗಳಿಂದ ಸೋಲಿಸಿ ಮೇಲೇರಿತು. ಡೆವನ್ ಪ್ರಾಂತದ ಈ ತಂಡ ಒಂದೇ ವರ್ಷದಲ್ಲಿ ಮರಳಿ ಕೆಳಗಿಳಿಯುವುದೆಂದು ಅನೇಕರು ಎಣಿಸಿದ್ದರು. ಅದು ಇಳಿಯಲಿಲ್ಲ. ೨೦೧೭ರಲ್ಲಿ ಪ್ರೀಮಿಯರ್‌ಶಿಪ್ ಗೆದ್ದಿತು. ೨೦೨೦ರ ಅಕ್ಟೋಬರ್‌ನಲ್ಲಿ, ಒಂದು ವಾರದ ಅಂತರದಲ್ಲಿ, ಪ್ಯಾರಿಸ್ಸಿನ ರಾಸಿಂಗ್ ೯೨ ತಂಡವನ್ನು ಸೋಲಿಸಿ ಯೂರೋಪಿನ ಪ್ರಶಸ್ತಿಯನ್ನೂ, ವಾಸ್ಪ್ಸ್ ತಂಡವನ್ನು ಸೋಲಿಸಿ ಮತ್ತೊಮ್ಮೆ ಇಂಗ್ಲೆಂಡಿನ ಪ್ರಶಸ್ತಿಯನ್ನೂ ತನ್ನದಾಗಿಸಿಕೊಂಡಿತು. ಎರಡನೆಯ ಪಂಕ್ತಿಯಲ್ಲಿ ಕಾದು ನಿಂತಿದ್ದವನು ಹತ್ತು ವರ್ಷದಲ್ಲಿ ಮನೆಯ ಯಜಮಾನನಾದ. ಅಂದು ಬಾಗಿಲು ಮುಚ್ಚಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ.

ಎರಡನೆಯ ಶ್ರೇಣಿ ಹೇಗೆ ಆಡಬಲ್ಲದು ಎಂಬುದಕ್ಕೆ ಇನ್ನೊಂದು ನಿದರ್ಶನ ಕೊಡಬಹುದು. ಯೂರೋಪಿನ ಪ್ರಶಸ್ತಿಯನ್ನು ಮೂರು ಸಲ ಗೆದ್ದಿದ್ದ ಸಾರಸೆನ್ಸ್ ತಂಡ ಆಟಗಾರರ ಸಂಬಳಕ್ಕೆ ವಿಧಿಸಿದ್ದ ಮಿತಿಯನ್ನು ಮೀರಿದ ತಪ್ಪಿಗಾಗಿ ೨೦೨೦ರಲ್ಲಿ ಕೆಳಗೆ ದೂಡಲ್ಪಟ್ಟಿತು. ೨೦೨೧ರ ಮಾರ್ಚ್‌ನಲ್ಲಿ ಎರಡನೆಯ ಶ್ರೇಣಿಯ ತನ್ನ ಮೊದಲ ಪಂದ್ಯಕ್ಕೆ ಅದು ಹೋದದ್ದು ಇಂಗ್ಲೆಂಡಿನ ಪಶ್ಚಿಮದ ತುದಿಯಲ್ಲಿರುವ ಪೆನ್ಜಾನ್ಸ್ ಎಂಬ ಕಡಲತೀರದ ಊರಿಗೆ. ಸಾಂಕ್ರಾಮಿಕದ ಕಾಲವಾದ್ದರಿಂದ ಪ್ರೇಕ್ಷಕರಿರಲಿಲ್ಲ. ಆ ಖಾಲಿ ಮೈದಾನದಲ್ಲಿ ಕಾರ್ನಿಷ್ ಪೈರೇಟ್ಸ್ ಎಂಬ ಸ್ಥಳೀಯ ತಂಡ ಸಾರಸೆನ್ಸನ್ನು ೨೫-೧೭ರಿಂದ ಸೋಲಿಸಿತು. ಆದರೆ ಋತುವಿನ ಕೊನೆಯಲ್ಲಿ ಬೇರೊಂದು ಚಿತ್ರ ಕಂಡಿತು. ಜೂನ್‌ನ ಫೈನಲ್‌ನಲ್ಲಿ ಅದೇ ಸಾರಸೆನ್ಸ್, ಲಂಡನ್ನಿನ ಪಶ್ಚಿಮ ಭಾಗದ ಈಲಿಂಗ್ ತಂಡವನ್ನು ಎರಡು ಪಂದ್ಯಗಳ ಮೊತ್ತದಲ್ಲಿ ೧೧೭-೧೫ರಿಂದ ಹೊಸಕಿಹಾಕಿ ಮೇಲಕ್ಕೆ ಮರಳಿತು. ಎರಡು ಶ್ರೇಣಿಗಳ ಅಂತರ ಎಷ್ಟೆಂಬುದಕ್ಕೆ ಈ ಎರಡು ಫಲಿತಾಂಶಗಳೂ ಸಾಕ್ಷಿ. ಒಂದನ್ನು ಹೇಳಿ ಮತ್ತೊಂದನ್ನು ಮರೆಯುವುದು ನ್ಯಾಯವಲ್ಲ.

ಸಾರಸೆನ್ಸ್ ಮರಳಿದ ಮೇಲೆ ಬಾಗಿಲು ಮುಚ್ಚಿತು. ೨೦೨೨ರಿಂದ ೨೦೨೫ರ ವರೆಗಿನ ನಾಲ್ಕು ಋತುಗಳಲ್ಲಿ ಎರಡನೆಯ ಶ್ರೇಣಿಯಿಂದ ಒಂದು ತಂಡವೂ ಮೇಲೇರಲಿಲ್ಲ. ೨೦೨೨ರಲ್ಲಿ ಈಲಿಂಗ್ ಮೊದಲ ಸ್ಥಾನ ಪಡೆಯಿತು. ಹಿಂದಿನ ವರ್ಷ ಅಷ್ಟು ಹೀನಾಯವಾಗಿ ಸೋತವರು ಎದ್ದು ನಿಂತು ಗೆದ್ದಿದ್ದರು. ಆದರೆ ಪ್ರೀಮಿಯರ್‌ಶಿಪ್ಪಿಗೆ ಬರುವ ತಂಡದ ಮೈದಾನದಲ್ಲಿ ಕನಿಷ್ಠ ೧೦,೦೦೧ ಪ್ರೇಕ್ಷಕರಿಗೆ ಸ್ಥಳವಿರಬೇಕೆಂಬುದು ಅಂದಿನ ನಿಯಮವಾಗಿತ್ತು. ಈಲಿಂಗ್‌ನ ಮೈದಾನ ಅದರ ಅರ್ಧದಷ್ಟು. ಅಂದಿನ ಪೈಪೋಟಿಯಲ್ಲಿ ಜೊತೆಗಿದ್ದ ಡಾಂಕಾಸ್ಟರ್ ತಂಡಕ್ಕೂ ಇದೇ ಕಾರಣದಿಂದ ಅನರ್ಹತೆ ಬಂದಿತು. ನಮ್ಮಲ್ಲಿ ಮುಯ್ಯಿ ಕೊಡುವಾಗ ನೂರರ ಮೇಲೆ ಒಂದು ಸೇರಿಸಿ ಕೊಡುವುದು ಶುಭವೆಂಬ ಭಾವನೆ. ಹತ್ತು ಸಾವಿರದ ಮೇಲಿನ ಈ ಒಂದು ಮಾತ್ರ ಯಾರಿಗೂ ಶುಭ ತರಲಿಲ್ಲ.

ಈಗ ಜರ್ಸಿ ತಂಡ ಗೆದ್ದ ಋತುವಿಗೆ ಬರೋಣ. ಆ ಋತುವಿನ ವಿಶೇಷವೆಂದರೆ ಮೊದಲ ಪಂಕ್ತಿಯಲ್ಲಿಯೇ ಎಲೆಗಳು ಖಾಲಿಯಾದವು. ೨೦೨೨ರ ಸೆಪ್ಟೆಂಬರ್‌ನಲ್ಲಿ, ಆಟ ಶುರುವಾಗಿ ಕೆಲವು ವಾರಗಳಾಗಿರುವಾಗ, ವೂಸ್ಟರ್ ತಂಡ ಸಾಲದ ಹೊರೆಯಿಂದ ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ಅಕ್ಟೋಬರ್‌ನಲ್ಲಿ ವಾಸ್ಪ್ಸ್ ತಂಡಕ್ಕೂ ಅದೇ ಗತಿ ಬಂದಿತು. ಎರಡು ಸಲ ಯೂರೋಪಿನ ಪ್ರಶಸ್ತಿ ಗೆದ್ದು, ಎರಡೇ ವರ್ಷದ ಕೆಳಗೆ ಎಕ್ಸೆಟರ್ ಎದುರು ಫೈನಲ್ ಆಡಿದ್ದ ತಂಡವಿದು. ೨೦೨೩ರ ಜೂನ್‌ನಲ್ಲಿ ಲಂಡನ್ ಐರಿಷ್ ಮೂರನೆಯದಾಯಿತು. ಹದಿಮೂರು ತಂಡಗಳಿಂದ ಹೊರಟ ಪ್ರೀಮಿಯರ್‌ಶಿಪ್ ಮುಂದಿನ ಋತುವಿಗೆ ಹತ್ತಕ್ಕೆ ಇಳಿಯಿತು.

ಮೂರು ಸ್ಥಾನ ತೆರವಾಗಿವೆ. ಕೆಳಗೆ ಹನ್ನೆರಡು ತಂಡಗಳು ಒಂದು ಋತುವಿಡೀ ಪರಸ್ಪರ ಸೆಣಸಿ ತಮ್ಮಲ್ಲಿ ಯಾರು ಹಿರಿಯರೆಂದು ನಿರ್ಣಯಿಸಿಕೊಂಡಿವೆ. ಸಾಮಾನ್ಯ ಬುದ್ಧಿಗೆ ತೋರುವ ಮುಂದಿನ ಹೆಜ್ಜೆ ಯಾವುದೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಕರೆ ಬರಲಿಲ್ಲ. ಒಂದು ಎಲೆಗೂ ಕೆಳಗಿನಿಂದ ಯಾರನ್ನೂ ಕೂರಿಸದೆ, ಪಂಕ್ತಿಯನ್ನೇ ಚಿಕ್ಕದು ಮಾಡಿದರು. ಗೆದ್ದ ಜರ್ಸಿ ತಂಡ ಕಪ್ಪು ಹಿಡಿದುಕೊಂಡು ತಾನು ಇದ್ದಲ್ಲಿಯೇ ಉಳಿಯಿತು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಮುಳುಗಿದ ಮೂರು ತಂಡಗಳಲ್ಲಿ ಒಂದಕ್ಕೂ ಮೈದಾನದ ಕೊರತೆ ಇರಲಿಲ್ಲ. ವಾಸ್ಪ್ಸ್ ಆಡುತ್ತಿದ್ದ ಕವೆಂಟ್ರಿಯ ಕ್ರೀಡಾಂಗಣದಲ್ಲಿ ಮೂವತ್ತೆರಡು ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ವೂಸ್ಟರ್‌ನ ಸಿಕ್ಸ್‌ವೇಸ್ ಕ್ರೀಡಾಂಗಣವೂ, ಲಂಡನ್ ಐರಿಷ್ ಆಡುತ್ತಿದ್ದ ಬ್ರೆಂಟ್‌ಫರ್ಡ್‌ನ ಕ್ರೀಡಾಂಗಣವೂ ನಿಯಮ ಕೇಳಿದ್ದಕ್ಕಿಂತ ದೊಡ್ಡವು. ೧೦,೦೦೧ರ ಪರೀಕ್ಷೆಯಲ್ಲಿ ಮೂವರೂ ತೇರ್ಗಡೆಯಾದವರೇ. ವಾಸ್ಪ್ಸ್‌ಗಾದರೆ ಆ ದೊಡ್ಡ ಕ್ರೀಡಾಂಗಣವನ್ನು ಹಿಡಿಯಲು ಹೋಗಿ ಮಾಡಿಕೊಂಡ ಸಾಲವೇ ಕುತ್ತಿಗೆಗೆ ಬಂದಿತು. ಹಾಗಿದ್ದ ಮೇಲೆ ಆ ಪರೀಕ್ಷೆ ಏನನ್ನು ಅಳೆಯುತ್ತಿತ್ತು? ಕಲ್ಲು ಗಾರೆಯನ್ನು ಅಳೆಯಿತು. ಮನೆಯ ಜಮಾಖರ್ಚನ್ನು ಅಳೆಯಲಿಲ್ಲ. ಒಳಗಿದ್ದವನ ಸಾಲವನ್ನು ನೋಡದೆ ಹೊರಗಿದ್ದವನ ಅಂಗಳವನ್ನು ಅಳೆದದ್ದು ಈ ನಿಯಮದ ದೋಷವೆಂದು ನನಗೆ ತೋರುತ್ತದೆ.

ಮೇಲಿನವರ ವಾದದಲ್ಲಿ ಹುರುಳೇ ಇಲ್ಲವೆಂದು ನಾನು ಹೇಳಲಾರೆ. ಸಿದ್ಧತೆಯಿಲ್ಲದೆ ಮೇಲೇರುವುದು ಅಪಾಯವೆಂಬುದಕ್ಕೆ ಲಂಡನ್ ವೆಲ್ಷ್ ತಂಡದ ಕಥೆ ಸಾಲದೆ? ೨೦೧೨ರಲ್ಲಿ ಅದಕ್ಕೂ ಮೈದಾನದ ವಿಷಯದಲ್ಲಿ ಬಡ್ತಿ ನಿರಾಕರಿಸಿದ್ದರು. ಮೇಲ್ಮನವಿ ಹೂಡಿ ಗೆದ್ದು, ತನ್ನ ಊರಾದ ಲಂಡನ್ನನ್ನು ಬಿಟ್ಟು ಆಕ್ಸ್‌ಫರ್ಡ್‌ನಲ್ಲಿ ಆಡಲು ಹೋಯಿತು. ಒಂದೇ ವರ್ಷಕ್ಕೆ ಕೆಳಗಿಳಿದು, ೨೦೧೪ರಲ್ಲಿ ಮತ್ತೆ ಮೇಲೇರಿ, ೨೦೧೪-೧೫ರಲ್ಲಿ ಆಡಿದ ೨೨ ಪಂದ್ಯಗಳಲ್ಲಿ ಇಪ್ಪತ್ತೆರಡನ್ನೂ ಸೋತಿತು. ಆಮೇಲೆ ಆ ತಂಡದ ಕಂಪನಿಯೂ ಮುಚ್ಚಿತು. ಮೇಲಿನ ಶ್ರೇಣಿಯ ಆಟಗಾರರ ಸಂಬಳ, ವೈದ್ಯರು, ತರಬೇತಿ, ಪ್ರಯಾಣ ಇವೆಲ್ಲ ದೊಡ್ಡ ಖರ್ಚಿನ ಬಾಬ್ತುಗಳು. ಬರುವ ಹಣ ಅದಕ್ಕೆ ಸಾಲದು. ಅಲ್ಲಿನ ಕ್ಲಬ್ಬುಗಳಲ್ಲಿ ಬಹುಪಾಲು ಒಬ್ಬಿಬ್ಬರು ಶ್ರೀಮಂತರ ಔದಾರ್ಯದಿಂದ ನಡೆಯುತ್ತಿವೆ. ಹೀಗಿರುವಾಗ ಹೊಸಬರನ್ನು ಕರೆದು ಇನ್ನೊಂದು ಮನೆ ಹಾಳು ಮಾಡಬೇಕೆ ಎಂದು ಅವರು ಕೇಳಿದರೆ ಅದು ಪೂರ್ಣ ಸ್ವಾರ್ಥದ ಮಾತಲ್ಲ.

ಆದರೆ ಮೇಲಕ್ಕೆ ಕರೆಯದಿದ್ದರೆ ಆ ಮನೆಗಳು ಹಾಳಾಗದೆ ಉಳಿಯುತ್ತವೆಯೇ? ಜರ್ಸಿಯ ಕಥೆ ಉಳಿಯವು ಎಂದು ಹೇಳುತ್ತದೆ. ೨೦೨೦ರ ಫೆಬ್ರವರಿಯಲ್ಲಿ, ಸಾಂಕ್ರಾಮಿಕ ಇನ್ನೂ ಮೈದಾನಗಳನ್ನು ಮುಚ್ಚುವ ಮೊದಲೇ, ಯೂನಿಯನ್ ಎರಡನೆಯ ಶ್ರೇಣಿಯ ಕ್ಲಬ್ಬುಗಳಿಗೆ ಕೊಡುತ್ತಿದ್ದ ಸಹಾಯಧನವನ್ನು ಅರ್ಧದಷ್ಟು ಕಡಿತ ಮಾಡಲು ನಿರ್ಧರಿಸಿತು. ಹೆಸರಿಗೆ ವೃತ್ತಿಪರವಾದ ಲೀಗಿನಲ್ಲಿ ಹಲವು ತಂಡಗಳ ಆಟಗಾರರು ಹಗಲು ಬೇರೆ ಉದ್ಯೋಗ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವರು. ಕೆಲವು ತಂಡಗಳು ಮಾತ್ರ ಪೂರ್ಣಾವಧಿಯ ಆಟಗಾರರನ್ನು ಇಟ್ಟುಕೊಂಡಿದ್ದವು. ಅವುಗಳಲ್ಲಿ ಜರ್ಸಿಯೂ ಒಂದು. ಅದು ೨೦೧೨ರಲ್ಲಿ ಕೆಳಗಿನಿಂದ ಚಾಂಪಿಯನ್‌ಶಿಪ್ಪಿಗೆ ಏರಿ ಬಂದ ತಂಡ. ಕಡಲ ನಡುವಿನ ಊರು. ಪರ ಊರಿನ ಪ್ರತಿ ಪಂದ್ಯಕ್ಕೂ ನೀರು ದಾಟಬೇಕು. ಇಂಥ ಕ್ಲಬ್ಬಿಗೆ ಹಣ ಹಾಕುವವನು ಏನನ್ನು ನೋಡಿ ಹಾಕಬೇಕು? ಈ ವರ್ಷವಲ್ಲದಿದ್ದರೆ ಮುಂದಿನ ವರ್ಷ ಮೇಲೇರಬಹುದು ಎಂಬ ಆಸೆಯನ್ನು ನೋಡಿ. ಆಸೆಯೂ ಒಂದು ಬಂಡವಾಳ. ಎರಡನೆಯ ಶ್ರೇಣಿಯ ಭವಿಷ್ಯವೇ ನಿಶ್ಚಯವಿಲ್ಲದ್ದರಿಂದ ಹಣ ಹೂಡುವವರು ಹಿಂದೆಗೆದರು ಎಂದು ಜರ್ಸಿ ತಂಡದ ಮುಖ್ಯರು ಅಂದು ಹೇಳಿಕೊಂಡರು.

ಮುಚ್ಚುವ ದಿನಗಳಲ್ಲಿಯೂ ಆ ಆಟಗಾರರ ಕಸುವಿಗೆ ಕೊರತೆ ಇರಲಿಲ್ಲ. ಆ ಸೆಪ್ಟೆಂಬರ್‌ನಲ್ಲಿಯೇ ಎರಡು ಶ್ರೇಣಿಗಳ ತಂಡಗಳೂ ಸೇರಿ ಆಡುವ ಕಪ್ ಪಂದ್ಯಾವಳಿಯಲ್ಲಿ ಅವರು ಪ್ರೀಮಿಯರ್‌ಶಿಪ್ಪಿನ ಬಾತ್ ತಂಡವನ್ನು ಸೋಲಿಸಿದ್ದರು. ಕೆಲವೇ ದಿನಗಳಲ್ಲಿ ಅವರು ನಿರುದ್ಯೋಗಿಗಳಾದರು. ಋತು ಆರಂಭವಾಗುವ ಹೊತ್ತಿಗೆ ಉಳಿದ ತಂಡಗಳೆಲ್ಲ ತಮ್ಮ ಆಟಗಾರರನ್ನು ಗೊತ್ತುಮಾಡಿಕೊಂಡಿರುತ್ತವೆ. ಆಗ ಕೆಲಸ ಕಳೆದುಕೊಂಡವನಿಗೆ ಬೇರೆಡೆ ಸ್ಥಳ ಸಿಕ್ಕುವುದು ಕಷ್ಟ. ೨೦೨೩-೨೪ರ ಚಾಂಪಿಯನ್‌ಶಿಪ್ ಹನ್ನೊಂದು ತಂಡಗಳಿಂದ ನಡೆಯಿತು. ಹಿಂದಿನ ವರ್ಷದ ವಿಜೇತರ ಹೆಸರು ಪಟ್ಟಿಯಲ್ಲಿಯೇ ಇರಲಿಲ್ಲ.

ಆಟವನ್ನು ಆಟಕ್ಕಾಗಿ ಆಡಬೇಕು, ಫಲವನ್ನೇಕೆ ಬಯಸಬೇಕು ಎಂದು ಕೇಳುವವರುಂಟು. ನಿಷ್ಕಾಮ ಕರ್ಮದ ಆದರ್ಶದಲ್ಲಿ ಬೆಳೆದ ನಮಗೆ ಈ ಮಾತು ಹಿತವಾಗಿಯೇ ಕೇಳುತ್ತದೆ. ಕೆಸರಿನಲ್ಲಿ ಹೊರಳುತ್ತ, ಮೂಗು ಮುರಿದುಕೊಳ್ಳುತ್ತ, ನಾಲ್ಕಾರು ಸಾವಿರ ಜನರೆದುರು ಆಡುವವನಲ್ಲಿ ಆ ಆದರ್ಶದ ಅಂಶ ಇಲ್ಲದಿಲ್ಲ. ಇಲ್ಲದಿದ್ದರೆ ಅಷ್ಟು ನೋವನ್ನು ಅಷ್ಟು ಕಡಿಮೆ ಸಂಬಳಕ್ಕೆ ಯಾರು ತಿನ್ನುತ್ತಾರೆ? ಆದರೆ ನಿಷ್ಕಾಮತೆಯನ್ನು ಮನುಷ್ಯ ತನಗೆ ತಾನು ವಿಧಿಸಿಕೊಳ್ಳಬಹುದೇ ಹೊರತು, ಫಲವನ್ನು ಹಂಚುವ ಅಧಿಕಾರವುಳ್ಳವನು ದುಡಿಯುವವನಿಗೆ ಅದನ್ನು ಬೋಧಿಸುವುದು ಸಲ್ಲದು. ಹಡರ್ಸ್‌ಫೀಲ್ಡ್‌ನ ಗಣಿಗಾರರಿಗೆ ಸುಮಾರು ನೂರಮೂವತ್ತು ವರ್ಷದ ಹಿಂದೆ ಹೇಳಿದ್ದೂ ಇದೇ ಬೋಧನೆ. ಅಂದು ಕೂಲಿ ಕೇಳಬೇಡ ಎಂದರು. ಇಂದು ಕೂಲಿ ತೆಗೆದುಕೊ, ಮೇಲಿನ ಸ್ಥಾನ ಕೇಳಬೇಡ ಎನ್ನುತ್ತಾರೆ.

ಇದು ಅನಿವಾರ್ಯವೆಂದು ತಿಳಿಯಬಾರದು. ಕಡಲಿನ ಆಚೆ, ಜರ್ಸಿಗೆ ಹತ್ತಿರದ ಫ್ರಾನ್ಸಿನಲ್ಲಿ, ಎರಡನೆಯ ಶ್ರೇಣಿ ಬೇರೆಯ ರೀತಿಯಲ್ಲಿ ನಡೆಯುತ್ತದೆ. ಪ್ರೊ ಡಿ ೨ ಎಂಬ ಆ ಲೀಗಿನಲ್ಲಿ ಹದಿನಾರು ತಂಡಗಳು. ಫೈನಲ್ ಗೆದ್ದವನಿಗೆ ಮೇಲಿನ ಶ್ರೇಣಿ. ಸೋತವನಿಗೂ ಒಂದು ಅವಕಾಶ, ಮೇಲಿನ ಶ್ರೇಣಿಯಲ್ಲಿ ಕಡೆಯಿಂದ ಎರಡನೆಯವನ ಎದುರು ಒಂದೇ ಒಂದು ಪಂದ್ಯ. ೨೦೨೪ರಲ್ಲಿ ಬ್ರಿಟನಿ ಪ್ರಾಂತದ ವಾನ್ ತಂಡ ಹೀಗೆ ಗೆದ್ದು, ಆ ಪ್ರಾಂತದಿಂದ ಅತ್ಯುನ್ನತ ಶ್ರೇಣಿಗೆ ಏರಿದ ಮೊದಲ ತಂಡವಾಯಿತು, ಮರುವರ್ಷವೇ ಕೆಳಗಿಳಿಯಿತು. ೨೦೨೫ರಲ್ಲಿ ಮೊಂತೋಬಾನ್ ಗೆದ್ದಿತು. ಗ್ರೆನೋಬ್ಲ್ ತಂಡದ ದೈವ ಇನ್ನೂ ಕಠಿಣ: ೨೦೨೩, ೨೦೨೪, ೨೦೨೫, ಮೂರು ವರ್ಷವೂ ಫೈನಲ್‌ನಲ್ಲಿ ಸೋತು, ಮೂರು ವರ್ಷವೂ ಆ ಕೊನೆಯ ಪಂದ್ಯದಲ್ಲಿ ಸೋತಿತು, ಅವುಗಳಲ್ಲಿ ಎರಡು ಸೋಲು ಎರಡೆರಡೇ ಅಂಕಗಳಿಂದ. ಇದು ದುಃಖದ ಕಥೆಯೇ ಸರಿ. ಆದರೆ ಗ್ರೆನೋಬ್ಲಿನ ಆಟಗಾರನಿಗೆ ತನ್ನನ್ನು ತಡೆದದ್ದು ಏನೆಂದು ಗೊತ್ತು. ಎದುರಾಳಿ ತಡೆದ, ಅಳತೆಯ ಪಟ್ಟಿ ತಡೆಯಲಿಲ್ಲ. ಆ ದುಃಖವನ್ನು ಹೊತ್ತುಕೊಂಡು ಮರುವರ್ಷ ಮತ್ತೆ ಮೈದಾನಕ್ಕೆ ಬರಬಹುದು.

ಫ್ರೆಂಚರು ಹಣದ ವಿಷಯದಲ್ಲಿ ಕಣ್ಣುಮುಚ್ಚಿ ಕುಳಿತವರೂ ಅಲ್ಲ. ಅಲ್ಲಿನ ವೃತ್ತಿಪರ ಕ್ಲಬ್ಬುಗಳ ಲೆಕ್ಕಪತ್ರಗಳನ್ನು ವರ್ಷವರ್ಷವೂ ಪರೀಕ್ಷಿಸುವ ಮಂಡಲಿಯೊಂದಿದೆ. ಆದಾಯಕ್ಕೆ ಮೀರಿ ನಡೆದ ಕ್ಲಬ್ಬಿನ ಅಂಕಗಳನ್ನು ಕಳೆಯುವ, ಅದನ್ನು ಕೆಳಗಿನ ಶ್ರೇಣಿಗೆ ಇಳಿಸುವ ಅಧಿಕಾರ ಅದಕ್ಕುಂಟು. ಮೇಲಿನವನಿಗೂ ಕೆಳಗಿನವನಿಗೂ ಒಂದೇ ಪರೀಕ್ಷೆ. ನಗರಸಭೆಗಳು ಕಟ್ಟಿದ ಮೈದಾನಗಳು, ಸಣ್ಣ ಊರುಗಳಲ್ಲಿ ಆಟಕ್ಕಿರುವ ಜನಪ್ರೀತಿ, ದೂರದರ್ಶನ ಪ್ರಸಾರದ ಹಣ, ಇವೆಲ್ಲ ಫ್ರಾನ್ಸಿಗೆ ಅನುಕೂಲವಾಗಿವೆ ಎಂಬುದು ನಿಜ. ಇಂಗ್ಲೆಂಡ್ ಅವನ್ನೆಲ್ಲ ಒಂದು ದಿನದಲ್ಲಿ ತರಲಾರದು. ಪರೀಕ್ಷೆಯ ಕ್ರಮವನ್ನು ಮಾತ್ರ ತರಬಹುದಾಗಿತ್ತು.

ಬಾಗಿಲೇ ಇಲ್ಲದ ಲೀಗುಗಳೂ ಲೋಕದಲ್ಲಿವೆ. ಅಮೆರಿಕದ ದೊಡ್ಡ ಆಟಗಳೆಲ್ಲ ಹಾಗೆ. ೨೦೨೫ರ ಜೂನ್‌ನಲ್ಲಿ ನಮ್ಮಲ್ಲಿಯೇ, ಮುಂಬಯಿಯಲ್ಲಿ, ತಂಡಕ್ಕೆ ಏಳು ಮಂದಿಯಂತೆ ಆಡುವ ರಗ್ಬಿಯ ಲೀಗೊಂದು ನಡೆಯಿತು. ಆರು ತಂಡಗಳಲ್ಲಿ ಒಂದು ಬೆಂಗಳೂರಿನ ಹೆಸರು ಹೊತ್ತಿತ್ತು. ಅಲ್ಲಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹಾಗೆಂದು ಮೊದಲೇ ಎಲ್ಲರಿಗೂ ಗೊತ್ತು. ಇಂಗ್ಲೆಂಡಿನ ಪ್ರೀಮಿಯರ್‌ಶಿಪ್ಪನ್ನೂ ಇದೇ ಮಾದರಿಗೆ ತರಬೇಕೆಂಬ ವಾದ ೨೦೨೫ರಲ್ಲಿ ಬಲವಾಗಿ ಕೇಳಿಬಂದಿತು. ನನಗೆ ಅದು ಇಷ್ಟವಲ್ಲ. ಆದರೂ ಅದನ್ನು ಅಪ್ರಾಮಾಣಿಕವೆಂದು ಹೇಳಲಾರೆ. ಬಾಗಿಲಿಲ್ಲದ ಗೋಡೆ ಯಾರನ್ನೂ ವಂಚಿಸುವುದಿಲ್ಲ. ಗೋಡೆಯ ಮೇಲೆ ಬಾಗಿಲಿನ ಚಿತ್ರ ಬರೆದು, ಅದರ ಮುಂದೆ ಜನರನ್ನು ವರ್ಷಗಟ್ಟಲೆ ಸಾಲಾಗಿ ನಿಲ್ಲಿಸುವುದು ವಂಚನೆ. ೨೦೨೨ರಿಂದ ನಾಲ್ಕು ಋತುಗಳು ಎರಡನೆಯ ಶ್ರೇಣಿಯ ಆಟಗಾರರು ನಿಂತದ್ದು ಇಂಥದೊಂದು ಸಾಲಿನಲ್ಲಿ. ಬಡ್ತಿಯ ನಿಯಮ ಪುಸ್ತಕದಲ್ಲಿತ್ತು. ಮೇಲಿನ ಶ್ರೇಣಿಯ ಕಡೆಯ ತಂಡದೊಡನೆ ಆಡಿ ಸ್ಥಾನ ಗೆಲ್ಲಬಹುದೆಂದು ಆಮೇಲೆ ತಿದ್ದುಪಡಿಯನ್ನೂ ಮಾಡಿದರು. ಈಲಿಂಗ್ ೨೦೨೪ರಲ್ಲಿಯೂ ೨೦೨೫ರಲ್ಲಿಯೂ ಮತ್ತೆ ಪ್ರಶಸ್ತಿ ಗೆದ್ದಿತು. ಆ ಪಂದ್ಯ ಎರಡು ಸಲವೂ ನಡೆಯಲಿಲ್ಲ.

೨೦೨೫ರಲ್ಲಿ ಎರಡನೆಯ ಶ್ರೇಣಿಗೆ ಹೊಸ ಹೆಸರಿಟ್ಟು, ತಂಡಗಳ ಸಂಖ್ಯೆಯನ್ನು ಹದಿನಾಲ್ಕಕ್ಕೆ ಏರಿಸಿದರು. ಮೂರು ವರ್ಷದ ಹಿಂದೆ ಮುಳುಗಿದ್ದ ವೂಸ್ಟರ್ ಹೊಸ ಒಡೆತನದಲ್ಲಿ ಸಿಕ್ಸ್‌ವೇಸ್‌ಗೆ ಮರಳಿತು. ಊರಿನವರ ಸಂತೋಷದಲ್ಲಿ ನಾನೂ ಭಾಗಿ. ಸತ್ತ ಕ್ಲಬ್ಬೊಂದು ಎದ್ದು ಬರುವುದು ಒಳ್ಳೆಯ ಸುದ್ದಿ. ಆದರೂ ಒಂದು ಮಾತು ಮನಸ್ಸಿನಲ್ಲಿ ಉಳಿಯುತ್ತದೆ. ವೂಸ್ಟರ್ ಬಂದದ್ದು ಅರ್ಜಿಯ ಮೂಲಕ, ಕೆಳಗಿನ ಮೆಟ್ಟಿಲುಗಳನ್ನು ಹತ್ತಿ ಅಲ್ಲ. ಮೈದಾನದಲ್ಲಿ ಗೆದ್ದವನಿಗೆ ತೆರೆಯದ ಬಾ‌ಗಿಲು ಕಾಗದ ಪತ್ರಗಳಿಗೆ ತೆರೆಯುವುದಾದರೆ, ಮುಂದಿನ ಪೀಳಿಗೆಯ ಕ್ಲಬ್ಬುಗಳು ಯಾವುದನ್ನು ಅಭ್ಯಾಸ ಮಾಡಬೇಕು?

ಮಾಡಬೇಕಾದದ್ದು ಬಹಳವೇನೂ ಇಲ್ಲ. ಅರ್ಹತೆಯ ನಿಯಮವೇನೆಂಬುದು ಋತು ಆರಂಭವಾಗುವ ಮೊದಲೇ ನಿಶ್ಚಯವಾಗಿರಲಿ. ಆ ನಿಯಮ ಆಸನಗಳಿಗಿಂತ ಸಾಲವನ್ನು ಮೊದಲು ನೋಡಲಿ; ಮೇಲಿರುವವರಿಗೂ ಅದೇ ಅನ್ವಯಿಸಲಿ. ಮೇಲೇರಿದ ತಂಡಕ್ಕೆ ಮೈದಾನ ಕಟ್ಟಲು ಕೆಲವು ವರ್ಷ ಅವಕಾಶವಿರಲಿ. ಎಕ್ಸೆಟರ್ ಬೆಳೆದದ್ದೂ ಮೇಲೇರಿದ ಮೇಲೆಯೇ. ಇದಾವುದೂ ಸಾಧ್ಯವಿಲ್ಲವೆಂದಾದರೆ ಬಾಗಿಲು ಮುಚ್ಚಿದೆಯೆಂದು ಸ್ಪಷ್ಟವಾಗಿ ಹೇಳಿಬಿಡಲಿ. ಕಾಯುವವನು ಮನೆಗೆ ಹೋಗಿ ತನ್ನ ಒಲೆಯನ್ನಾದರೂ ಹೊತ್ತಿಸಿಕೊಳ್ಳುತ್ತಾನೆ.

ರಗ್ಬಿಯ ಇತಿಹಾಸದಲ್ಲಿ ಮುಚ್ಚಿಹೋದ ಕ್ಲಬ್ಬೊಂದರ ಕಥೆ ನಮ್ಮ ದೇಶದ್ದೇ. ೧೮೭೩ರಲ್ಲಿ ಕಲ್ಕತ್ತೆಯಲ್ಲಿದ್ದ ಆಂಗ್ಲರು ರಗ್ಬಿಗಾಗಿ ಒಂದು ಕ್ಲಬ್ಬು ಕಟ್ಟಿದರು. ಬಂಗಾಳದ ಸೆಕೆ ಆ ಆಟಕ್ಕೆ ಹಿಡಿಸಲಿಲ್ಲ. ಸದಸ್ಯರು ಪೋಲೊ, ಟೆನಿಸ್ಸುಗಳತ್ತ ಸರಿದರು. ಕ್ಲಬ್ಬನ್ನು ವಿಸರ್ಜಿಸಲು ನಿಶ್ಚಯಿಸಿದಾಗ ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ಬೆಳ್ಳಿಯ ರೂಪಾಯಿಗಳಾಗಿ ತೆಗೆದು, ಕರಗಿಸಿ, ಕಪ್ಪೊಂದನ್ನು ಮಾಡಿಸಿ ಲಂಡನ್ನಿನ ಯೂನಿಯನ್ನಿಗೆ ಒಪ್ಪಿಸಿದರು. ಮೂರು ನಾಗರಗಳೇ ಅದರ ಹಿಡಿಕೆ. ಮುಚ್ಚಳದ ಮೇಲೊಂದು ಆನೆ. ೧೮೭೯ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಆಡುತ್ತಿರುವುದು ಆ ಕಲ್ಕತ್ತೆಯ ಕಪ್ಪಿಗಾಗಿ. ಸಾಲ ಉಳಿಸದೆ, ಸಂಬಳ ತಪ್ಪಿಸದೆ, ಕೈಯಲ್ಲಿದ್ದದ್ದನ್ನು ಆಟಕ್ಕೇ ಬಿಟ್ಟು ಹೋದವರು ಅವರು.

ಜರ್ಸಿಯ ಮೂಲ ಕ್ಲಬ್ಬು ಸ್ಥಾಪನೆಯಾದದ್ದೂ ಅದೇ ೧೮೭೯ರಲ್ಲಿ. ವೃತ್ತಿಪರ ತಂಡ ಹೋದ ಮೇಲೆಯೂ ದ್ವೀಪದ ಹವ್ಯಾಸಿ ರಗ್ಬಿ ಉಳಿಯಿತು. ವಿಮಾನ ನಿಲ್ದಾಣದ ಪಕ್ಕದ ಆ ಮೈದಾನದಲ್ಲಿ ಮಕ್ಕಳು ಚೆಂಡನ್ನು ಹಿಂದಕ್ಕೆ ಎಸೆಯುತ್ತ ಮುಂದಕ್ಕೆ ಓಡುವುದನ್ನು ಕಲಿಯುತ್ತಾರೆ. ರಗ್ಬಿಯ ಮೊದಲ ನಿಯಮವೇ ಅದು. ಅವರಲ್ಲಿ ಯಾರಾದರೂ ಮುಂದೊಂದು ದಿನ, ನಮ್ಮ ಊರಿನ ತಂಡ ಗೆದ್ದಿತ್ತಂತೆ, ಗೆದ್ದ ಮೇಲೆ ಏನಾಯಿತು ಎಂದು ಕೇಳಿದರೆ ಹಿರಿಯರು ಉತ್ತರ ಹೇಳಬೇಕಾಗುತ್ತದೆ.